ಪರದೆ ಎಳೆಸಿದವಳು

ನಿರ್ದೇಶಕರ ಮೇಲೆ ನನಗೆ ಮೊದಲಿನಿಂದ ಸಿಟ್ಟೇನೂ ಇರಲಿಲ್ಲ ಎಂದರೆ ನಮ್ಮ ನಾಟಕದ ತಂಡದವರು ಇವತ್ತಿಗೂ ನಂಬುವುದಿಲ್ಲ. ಆದರೆ ಅದು ನಿಜ. ಅವರು ಉಡುಪಿ ಕಡೆಯವರು. ಮನೆಯಲ್ಲಿ ತುಳು, ಸ್ಟೇಜಿನ ಮೇಲೆ ಅಚ್ಚುಕಟ್ಟಾದ ಕನ್ನಡ. ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಫ್ರೀಮಾಂಟಿನ ತಮ್ಮ ಮನೆಯ ಗ್ಯಾರೇಜಿನಿಂದ ಎರಡೂ ಕಾರುಗಳನ್ನು ಹೊರಗೆ ನಿಲ್ಲಿಸಿ, ಸಿಮೆಂಟು ನೆಲದ ಮೇಲೆ ಹಳೆಯ ಕಾರ್ಪೆಟ್ ಹಾಸಿ, ಪ್ರತಿ ಶನಿವಾರ ನಮಗೆ ತಾಲೀಮು ಕೊಡುತ್ತಿದ್ದರು. ವಾರದ ಉಳಿದ ದಿನಗಳಲ್ಲಿ ಅವರು ಒಂದು ಸ್ಟಾರ್ಟಪ್ಪಿನಲ್ಲಿ ಮ್ಯಾನೇಜರು. ತೊಂಬತ್ತರ ದಶಕದ ಕೊನೆಯ ಆ ಕಾಲದಲ್ಲಿ ಎಲ್ಲರೂ ಒಂದಲ್ಲ ಒಂದು ಸ್ಟಾರ್ಟಪ್ಪಿನಲ್ಲಿ ಇದ್ದರು, ಇಲ್ಲವೇ ಹೊರಡುವ ತಯಾರಿಯಲ್ಲಿದ್ದರು. ತಾಲೀಮಿನ ನಡುವೆ ಚಹಾ ಕುಡಿಯುವಾಗ ಮಾತೆಲ್ಲ ಕಂಪನಿ ಷೇರಿನ ಆಪ್ಷನ್ನುಗಳ ಬಗ್ಗೆ, ಯಾರ ಕಂಪನಿ ಯಾವಾಗ ಷೇರುಪೇಟೆಗೆ ಬಂದು ಪಬ್ಲಿಕ್ ಆಗುತ್ತದೆ ಎನ್ನುವುದರ ಬಗ್ಗೆ.

ನಾನು ರೆಡ್‌ವುಡ್ ಸಿಟಿಯಲ್ಲಿ ಒಂದು ದೊಡ್ಡ ಸಾಫ್ಟ್‌ವೇರ್ ಕಂಪನಿಯ ಟೆಸ್ಟಿಂಗ್ ವಿಭಾಗದಲ್ಲಿದ್ದೆ. ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ಹುಳುಕು ಹುಡುಕಿ, ಇದನ್ನು ಈಗಲೇ ಹೊರಗೆ ಬಿಡಬೇಡಿ ಎಂದು ಹೇಳುವುದು ನನ್ನ ಕೆಲಸ. ಇಂಥವರನ್ನು ಆಫೀಸಿನಲ್ಲಿ ಯಾರೂ ಊಟಕ್ಕೆ ಕರೆಯುವುದಿಲ್ಲ. ಅದಕ್ಕೇ ಇರಬೇಕು, ನನಗೆ ಆ ಗ್ಯಾರೇಜು ಬಹಳ ಹಿಡಿಸಿತ್ತು. ಹಾಸನದಲ್ಲಿ ಕಾಲೇಜಿನ ನಾಟಕಗಳಲ್ಲಿ ಮಾಡುತ್ತಿದ್ದ ಪಾರ್ಟುಗಳ ರುಚಿ ಮತ್ತೆ ನಾಲಿಗೆಗೆ ಹತ್ತಿತ್ತು.

ಆ ವರ್ಷದ ನಾಟಕವನ್ನು ನಿರ್ದೇಶಕರೇ ಬರೆದಿದ್ದರು. ನಿವೃತ್ತ ನ್ಯಾಯಾಧೀಶನೊಬ್ಬನನ್ನು ಅವನ ಮಗಳೇ ಮನೆಯ ಹಜಾರದಲ್ಲಿ ವಿಚಾರಣೆಗೆ ನಿಲ್ಲಿಸುವ ಕಥೆ. ಮಗಳ ಪಾತ್ರ ನನ್ನದು. ಪ್ರೇಕ್ಷಕರೇ ಪಂಚರು. ಹಾಗಾಗಿ ನಾನು ನಡುನಡುವೆ ಮುಂದೆ ಬಂದು ಸಭೆಯನ್ನು ನೋಡಿ ನೇರವಾಗಿ ಮಾತಾಡಬೇಕು. ಇದು ನಿರ್ದೇಶಕರು ಬಹಳ ಹೆಮ್ಮೆಪಟ್ಟುಕೊಂಡ ತಂತ್ರ. ಅದರಿಂದ ಏನಾಯಿತು ಎನ್ನುವುದನ್ನು ಮುಂದೆ ಹೇಳುತ್ತೇನೆ.

ನ್ಯಾಯಾಧೀಶನ ಪಾತ್ರ ಮಾಡಿದವರು ನಮ್ಮೆಲ್ಲರಿಗಿಂತ ಹಿರಿಯರು. ಧಾರವಾಡದವರು, ಐವತ್ತು ದಾಟಿದ್ದರು. ಗಿಲ್‌ರಾಯ್‌ನಲ್ಲಿ ಮನೆ ಕೊಂಡು ಅಲ್ಲಿಂದ ದಿನಾ ಉತ್ತರಕ್ಕೆ ಕಾರು ಓಡಿಸಿಕೊಂಡು ಆಫೀಸಿಗೆ ಬರುತ್ತಿದ್ದರು. ಶನಿವಾರವೂ ಅದೇ ಫ್ರೀವೇಯಲ್ಲಿ ಅಷ್ಟೇ ದೂರ ಬಂದು, ಎಲ್ಲರಿಗಿಂತ ಮೊದಲು ಗ್ಯಾರೇಜಿನಲ್ಲಿ ಕೂತಿರುತ್ತಿದ್ದರು. ಅವರ ದನಿ ಎಂಥದ್ದೆಂದರೆ, ಮೆಲ್ಲಗೆ ಮಾತಾಡಿದರೂ ಪಕ್ಕದ ಮನೆಯ ನಾಯಿ ಬೊಗಳುವುದನ್ನು ನಿಲ್ಲಿಸುತ್ತಿತ್ತು. ಬಿಪಿ ಇತ್ತು, ಸಕ್ಕರೆ ಕಾಯಿಲೆ ಇತ್ತು. ಮಾತ್ರೆಯ ಡಬ್ಬಿಯನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು, ತಿನ್ನುವುದನ್ನು ಮರೆಯುತ್ತಿದ್ದರು.

ಪ್ರದರ್ಶನ ಭಾನುವಾರ ಮಧ್ಯಾಹ್ನ, ಸನ್ನಿವೇಲ್ ಕಡೆಯ ಒಂದು ಹೈಸ್ಕೂಲಿನ ಆಡಿಟೋರಿಯಮ್ಮಿನಲ್ಲಿ. ಸಭೆ ತುಂಬಿತ್ತು. ಮೇಕಪ್ ಮಾಡಿಕೊಳ್ಳುವಾಗ ಧಾರವಾಡದವರು ನನ್ನ ಪಕ್ಕದಲ್ಲೇ ಕೂತಿದ್ದರು. ಕನ್ನಡಿಯಲ್ಲಿ ನನ್ನನ್ನು ನೋಡಿ, "ಇವತ್ತ ಸ್ವಲ್ಪ ಮೆತ್ತಗ ಬೈಯವಾ ನಿಮ್ಮಪ್ಪಗ," ಎಂದು ನಕ್ಕರು. ನಾನೂ ನಕ್ಕೆ. ಅವರ ಮುಖದಲ್ಲಾಗಲಿ ಮಾತಿನಲ್ಲಾಗಲಿ ನನಗೆ ಯಾವ ವ್ಯತ್ಯಾಸವೂ ಕಾಣಲಿಲ್ಲ. ಮೀಸೆಗೆ ಬಿಳಿ ಬಣ್ಣವನ್ನು ಅವರ ಹೆಂಡತಿ ಹಚ್ಚುತ್ತಾರೆ ಎಂದುಕೊಂಡಿದ್ದೆ. ಆಕೆ ಇನ್ನೂ ಬಂದಿರಲಿಲ್ಲ. ನಿರ್ದೇಶಕರೇ ಬಗ್ಗಿ ಹಚ್ಚಿದರು.

ಮೊದಲ ಅಂಕದ ಕೊನೆಯಲ್ಲಿ ನ್ಯಾಯಾಧೀಶ ಚಹಾದ ಕಪ್ಪನ್ನು ಬಲಗೈಯಲ್ಲಿ ಹಿಡಿದು, ಕುರ್ಚಿಯಿಂದ ಎದ್ದು, ಉದ್ದಕ್ಕೆ ತನ್ನ ಸಮರ್ಥನೆ ಹೇಳಿಕೊಳ್ಳಬೇಕು. ನಿರ್ದೇಶಕರ ಹಟಕ್ಕೆ ಕಪ್ಪಿನಲ್ಲಿ ನಿಜವಾದ ಬಿಸಿ ಚಹಾ ಇರುತ್ತಿತ್ತು, ಹಬೆ ಕಾಣಬೇಕು ಎಂದು. "ನಾನು ಕೊಟ್ಟ ತೀರ್ಪಿಗೆ ನನ್ನ ಮಗಳ ಸಾಕ್ಷಿ ಬೇಕಾಗಿಲ್ಲ" ಎನ್ನುವುದು ಮೊದಲ ಸಾಲು. ಅವರು ಎದ್ದರು. "ನಾನು ಕೊಟ್ಟ" ಎಂದರು. ನಿಂತರು. ಮತ್ತೆ "ಕೊಟ್ಟ" ಎಂದರು. ಆಮೇಲೆ ಬಂದದ್ದು ಯಾವ ಮಾತೂ ಅಲ್ಲ, ಒದ್ದೆ ಬಟ್ಟೆ ಹಿಂಡಿದಂಥ ಒಂದು ಸದ್ದು.

ಸಭೆ ಉಸಿರು ಬಿಗಿಹಿಡಿದು ಕೂತಿತ್ತು. ಎಂಥ ಅಭಿನಯ ಎಂದು ಅವರಿಗೆ ಅನಿಸಿರಬೇಕು. ನಾನು ಅವರಿಂದ ಎರಡು ಮಾರು ದೂರದಲ್ಲಿದ್ದೆ. ಕಪ್ಪು ಮೆಲ್ಲಗೆ ವಾಲಿತು. ಬಿಸಿ ಚಹಾ ಅವರ ಮಣಿಕಟ್ಟಿನ ಮೇಲೆ ಸುರಿದು, ತೋಳಿಗೆ ಇಳಿದು, ಪಂಚೆಯ ಮೇಲೆ ಬಿತ್ತು. ಅವರು ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಅದನ್ನು ನೋಡಿಯೇ ನನಗೆ ಗೊತ್ತಾದದ್ದು. ಸುಡುವ ಚಹಾಕ್ಕೆ ಕೈ ಅಲುಗದಂತೆ ನಟಿಸಬಲ್ಲ ನಟ ಇನ್ನೂ ಹುಟ್ಟಿಲ್ಲ.

ಹತ್ತಿರ ಹೋದೆ. ಪಾತ್ರದೊಳಗೇ ಇದ್ದುಕೊಂಡು, "ಅಪ್ಪಾ, ಕೂತ್ಕೊಳ್ಳಿ," ಎಂದೆ. ಆಮೇಲೆ ತಗ್ಗಿದ ದನಿಯಲ್ಲಿ, "ಸರ್, ಏನಾಗ್ತಿದೆ?" ಎಂದೆ. ಅವರು ನನ್ನ ಕಡೆ ತಿರುಗಿದರು. ಬಾಯಿಯ ಬಲಭಾಗ ಜೋತುಬಿದ್ದಿತ್ತು. ಬಿಳಿ ಮೀಸೆ ಒಂದು ಕಡೆ ಇಳಿದು, ಇನ್ನೊಂದು ಕಡೆ ಮೊದಲಿನಂತೆಯೇ ಇತ್ತು. ಆ ಸ್ಥಿತಿಯಲ್ಲೂ ಅವರು ಆ ಸಾಲನ್ನೇ ಮತ್ತೆ ಹೇಳಲು ನೋಡಿದರು.

ರಂಗದ ಪಕ್ಕದ ಸೈಡ್‌ವಿಂಗಿನ ಮರೆಯಲ್ಲಿ ನಿರ್ದೇಶಕರು ನಿಂತಿದ್ದರು. ನಾನು ಅವರನ್ನು ನೋಡಿದೆ. ಅವರು ಕೈಯನ್ನು ಚಕ್ರದಂತೆ ತಿರುಗಿಸಿದರು. ಮುಂದುವರಿಸು ಎಂದು. ತಾಲೀಮಿನಲ್ಲಿ ಯಾರಾದರೂ ಮಾತು ಮರೆತಾಗ ಮಾಡುವ ಅದೇ ಸನ್ನೆ. ತುಟಿ ಅಲುಗಿಸಿ, "ತೀರ್ಪಿಗೆ, ತೀರ್ಪಿಗೆ," ಎಂದು ಅವರಿಗೆ ಮುಂದಿನ ಪದ ಎತ್ತಿಕೊಡುತ್ತಿದ್ದರು.

"ಪರದೆ ಹಾಕಿ," ಎಂದೆ. ಹಗ್ಗದ ಬಳಿ ಇದ್ದವರು ನಿರ್ದೇಶಕರ ಮುಖ ನೋಡಿದರು. ನಿರ್ದೇಶಕರು ತಲೆ ಅಲ್ಲಾಡಿಸಿದರು.

ನಾನು ಸಭೆಯ ಕಡೆ ತಿರುಗಿ, "ನಾಟಕ ನಿಂತಿದೆ. ಇವರಿಗೆ ಹುಷಾರಿಲ್ಲ. ನಿಮ್ಮಲ್ಲಿ ಡಾಕ್ಟರ್ ಇದ್ದರೆ ದಯವಿಟ್ಟು ಮೇಲೆ ಬನ್ನಿ," ಎಂದೆ.

ಜನ ಚಪ್ಪಾಳೆ ತಟ್ಟಿದರು.

ಅವರನ್ನು ಹೇಗೆ ದೂರಲಿ? ಅಲ್ಲಿಯವರೆಗೆ ನಾನು ಮೂರು ಸಲ ಹಾಗೇ ಮುಂದೆ ಬಂದು ಅವರನ್ನು ಉದ್ದೇಶಿಸಿ ಮಾತಾಡಿದ್ದೆ. ಇದು ನಾಲ್ಕನೆಯದು ಎಂದುಕೊಂಡರು. ಮುಂದಿನ ಸಾಲಿನಲ್ಲಿ ಯಾರೋ ಮೆಚ್ಚುಗೆಯಿಂದ ತಲೆದೂಗುತ್ತಿದ್ದುದು ಕಾಣಿಸಿತು. ನಾನು ಮತ್ತೆ ಹೇಳಿದೆ, ಇನ್ನೂ ಗಟ್ಟಿಯಾಗಿ. ಚಪ್ಪಾಳೆ ಹೆಚ್ಚಾಯಿತು. ಕೊನೆಗೆ, "ದಿಸ್ ಈಸ್ ನಾಟ್ ದ ಪ್ಲೇ. ಕಾಲ್ ನೈನ್ ಒನ್ ಒನ್," ಎಂದು ಕೂಗಿದೆ. ಸಭೆ ತಣ್ಣಗಾಯಿತು. ಅಲ್ಲಿಯವರೆಗೆ ಸೀಟಿನಲ್ಲಿ ಆಕಳಿಸುತ್ತಿದ್ದ ಮಕ್ಕಳು ಮೊದಲು ಎದ್ದು ನಿಂತರು. ಕನ್ನಡದಲ್ಲಿ ಹೇಳಿದ್ದು ನಾಟಕವಾಗಿತ್ತು, ಇಂಗ್ಲಿಷಿನಲ್ಲಿ ಹೇಳಿದ್ದು ನಿಜವಾಯಿತು. ಅದರ ಅವಮಾನ ನನಗೆ ಆ ಹೊತ್ತಿನಲ್ಲೂ ತಟ್ಟಿತು.

ಸ್ಯಾನ್ ಫ್ರಾನ್ಸಿಸ್ಕೋದ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದ ಹೆಂಗಸೊಬ್ಬರು ಸೀರೆ ಎತ್ತಿ ಹಿಡಿದು ಮೆಟ್ಟಿಲು ಹತ್ತಿ ಬಂದರು. ಅವರ ಹಿಂದೆಯೇ ಧಾರವಾಡದವರ ಹೆಂಡತಿ. ನಾವು ಮೂವರೂ ಸೇರಿ ಅವರನ್ನು ನೆಲದ ಮೇಲೆ ಒಂದು ಮಗ್ಗುಲಿಗೆ ಮಲಗಿಸಿದೆವು. ಆಗ ಪರದೆ ಬಂತು. ನರ್ಸು ಒಂದೇ ನೋಟಕ್ಕೆ, "ಸ್ಟ್ರೋಕು," ಎಂದರು.

ನಿರ್ದೇಶಕರು ನನ್ನ ಪಕ್ಕಕ್ಕೆ ಬಂದು ನಿಂತರು. "ನಾನು ಲೈಟು ಡಿಮ್ ಮಾಡಿಸ್ತಾ ಇದ್ದೆ. ಒಂದು ನಿಮಿಷ ಕಾಯ್ಲಿಕ್ಕೆ ಆಗ್ಲಿಲ್ವಾ ನಿಮಗೆ?" ಎಂದರು.

"ನೀವು ಕೈ ತಿರುಗಿಸ್ತಾ ಇದ್ರಿ."

"ಅವರು ಮಾತು ಮರೆತದ್ದು ಅಂತ ಗ್ರಹಿಸಿದೆ."

"ಅವರ ಬಾಯಿ ಸೊಟ್ಟಗಾಗಿತ್ತು. ನನಗೆ ಕಂಡದ್ದು ನಿಮಗೆ ಕಾಣಲಿಲ್ಲ?"

ಅಷ್ಟರಲ್ಲಿ ಆಂಬುಲೆನ್ಸಿನವರು ಬಂದರು. ಸ್ಟ್ರೆಚರಿಗೆ ಏರಿಸುವಾಗ ನ್ಯಾಯಾಧೀಶನ ಪಾತ್ರದ ಊರುಗೋಲು ಅವರ ಕಾಲಿನ ಬಳಿ ಬಿದ್ದಿತ್ತು. ನಿರ್ದೇಶಕರು ಬಗ್ಗಿ ಅದನ್ನು ತೆಗೆದುಕೊಂಡರು. ಯಾರೂ ಎಡವದಿರಲಿ ಎಂದು ತೆಗೆಯುತ್ತಿದ್ದಾರೆ ಎಂದುಕೊಂಡೆ. ಅವರು ಅದನ್ನು ಕೈಯಲ್ಲೇ ಹಿಡಿದುಕೊಂಡು, "ಎರಡನೇ ಅಂಕಕ್ಕೆ ನಾನೇ ನಿಲ್ತೇನೆ. ನಂಗೆ ಮಾತೆಲ್ಲ ಬಾಯಿಪಾಠ ಉಂಟು," ಎಂದರು.

ಸ್ಟ್ರೆಚರು ಇನ್ನೂ ಹಿಂದಿನ ಬಾಗಿಲು ದಾಟಿರಲಿಲ್ಲ.

"ಏನು ಹೇಳ್ತಿದ್ದೀರಿ?" ಎಂದೆ.

"ಜನ ಎಷ್ಟು ದೂರದಿಂದ ಬಂದಿದ್ದಾರೆ ನೋಡಿ. ನಾವಿಲ್ಲಿ ನಿಂತು ಅತ್ತರೆ ಅವರಿಗೆ ಗುಣ ಆಗ್ತದಾ? ಅವರನ್ನೇ ಕೇಳಿದ್ರೂ ಆಟ ನಿಲ್ಲಿಸಬೇಡಿ ಅಂತಲೇ ಹೇಳ್ತಿದ್ರು."

"ಅವರಿಗೆ ಬಾಯೇ ಬರ್ತಿಲ್ಲ. ಅವರ ಪರವಾಗಿ ನೀವು ಮಾತಾಡಬೇಡಿ."

"ಅವರ ಗೌರವಕ್ಕಾದ್ರೂ ಮಾಡ್ಬೇಕಲ್ಲ ಮಾರಾಯ್ತಿ. ಒಂದು ಡೇಟು ಕೊಟ್ಟಿದ್ದೇವೆ. ಕೊಟ್ಟ ಮೇಲೆ ಮುಗಿಸ್ಬೇಕು."

ಡೇಟು. ಪ್ರೋಗ್ರಾಮು ಹೊರಗೆ ಬಿಡುವ ಡೇಟು ಎಂದು ವಾರವಿಡೀ ಆಫೀಸಿನಲ್ಲಿ ಕೇಳಿ ಕೇಳಿ ಕಿವಿ ತೂತಾದ ಮಾತು. ಅದನ್ನು ಆ ಸ್ಟೇಜಿನ ಮೇಲೆ, ಒದ್ದೆಯಾದ ಹಲಗೆಯ ಮೇಲೆ ನಿಂತು ಕೇಳಿದಾಗ ನನಗೆ ಅವರ ಕೈಯ ಕೋಲು ಕಿತ್ತುಕೊಂಡು ಮುರಿಯಬೇಕು ಎನಿಸಿತು. "ನಾನು ಮಾಡಲ್ಲ. ಯಾರ ಎದುರಿಗೆ ನಿಂತು ಮಾತಾಡ್ತೀರೋ ಮಾತಾಡಿ," ಎಂದು ಹೇಳಿ, ಧಾರವಾಡದವರ ಹೆಂಡತಿಯನ್ನು ಕರೆದುಕೊಂಡು ಹೊರಗೆ ನಡೆದೆ.

ಆಂಬುಲೆನ್ಸಿನ ಹಿಂದೆ ನನ್ನ ಕಾರಿನಲ್ಲಿ ಹೋದೆವು. ನನ್ನ ಮುಖದ ತುಂಬ ಬಣ್ಣ, ಹಣೆಗೆ ಕಾಸಗಲದ ಕುಂಕುಮ. ಸಿಗ್ನಲ್ಲಿನಲ್ಲಿ ಪಕ್ಕದ ಕಾರಿನವರು ದಿಟ್ಟಿಸಿ ನೋಡಿದರು. ಆಸ್ಪತ್ರೆ ಹತ್ತಿರವಾದಾಗ ಧಾರವಾಡದವರ ಹೆಂಡತಿ, "ಅಲ್ಲೆ ನಾಟಕ ಮುಂದ ನಡಸಾಕತ್ತಾರೇನು?" ಎಂದು ಕೇಳಿದರು.

"ನಡೆಸ್ತಾರಂತೆ," ಎಂದೆ.

ಅವರು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡರು.

ಎಮರ್ಜೆನ್ಸಿಯಲ್ಲಿ ಡಾಕ್ಟರು ನಮ್ಮಿಬ್ಬರನ್ನೂ ಒಂದು ಪ್ರಶ್ನೆ ಕೇಳಿದರು. ಇವರು ಕೊನೆಯದಾಗಿ ಸಂಪೂರ್ಣ ಸರಿಯಾಗಿದ್ದುದು ಯಾವಾಗ? ಅದನ್ನೇ ಬೇರೆ ಬೇರೆ ರೀತಿ ತಿರುಗಿಸಿ ಕೇಳಿದರು. ರಕ್ತದ ಹೆಪ್ಪು ಕರಗಿಸುವ ಔಷಧಿಯೊಂದಿದೆ, ತೊಂದರೆ ಶುರುವಾದ ಹೊಸದರಲ್ಲೇ ಕೊಟ್ಟರೆ ಉಪಯೋಗ, ತಡವಾಗಿದ್ದರೆ ಮೆದುಳಿನಲ್ಲಿ ರಕ್ತಸ್ರಾವವಾಗಬಹುದು ಎಂದು ವಿವರಿಸಿದರು. ಧಾರವಾಡದವರ ಹೆಂಡತಿ, ತಮ್ಮವರು ಬೆಳಿಗ್ಗೆ ಬೇಗ ಹೊರಟರು, ತಾನು ಪ್ರದರ್ಶನದ ಹೊತ್ತಿಗೆ ಬೇರೆಯವರ ಕಾರಿನಲ್ಲಿ ಬಂದೆ ಎಂದರು. ಹಾಗಾಗಿ ಉತ್ತರ ಹೇಳಬೇಕಾದವಳು ನಾನಾದೆ. ಪರದೆ ಏಳುವ ಮೊದಲು ನನ್ನ ಪಕ್ಕದಲ್ಲೇ ಕೂತಿದ್ದರು, ನಗುತ್ತಿದ್ದರು, ಯಾವ ತೊಂದರೆಯೂ ಇರಲಿಲ್ಲ, ಇಂಥ ಮಾತಿನಲ್ಲಿ ಶುರುವಾಯಿತು ಎಂದೆ. "ಖಂಡಿತವೇ?" ಎಂದು ಕೇಳಿದರು. ಖಂಡಿತ ಎಂದೆ. ಔಷಧಿ ಕೊಟ್ಟರು.

ಅವರು ಉಳಿದರು. ಬಲಗಾಲು ಬೇಗ ಸುಧಾರಿಸಿತು, ಕೈ ನಿಧಾನಕ್ಕೆ. ಮಾತು ಮಾತ್ರ ತುಂಡುತುಂಡಾಗಿ ಬರುತ್ತಿತ್ತು.

ಸೋಮವಾರ ಆಫೀಸಿನಲ್ಲಿ ಈಮೇಲು ತೆಗೆದಾಗ ಉಳಿದ ಕಥೆ ಗೊತ್ತಾಯಿತು. ನಾಟಕ ಪೂರ್ತಿ ಆಗಿತ್ತು. ನಿರ್ದೇಶಕರು ನ್ಯಾಯಾಧೀಶ, ಅವರ ಹೆಂಡತಿ ಸ್ಕ್ರಿಪ್ಟು ಕೈಯಲ್ಲಿ ಹಿಡಿದು ನನ್ನ ಮಾತುಗಳನ್ನು ಓದಿದ್ದರು. ಸಭೆಯಿಂದ ಎದ್ದು ಹೋದವರು ಬಹಳ ಕಡಿಮೆ. ಇಂಟರ್‌ವಲ್ಲಿನಲ್ಲಿ ಬಿಸಿಬೇಳೆಬಾತು ತಿಂದು ಎಲ್ಲರೂ ಮತ್ತೆ ಬಂದು ಕೂತಿದ್ದರು. ಕೊನೆಯಲ್ಲಿ ಎದ್ದು ನಿಂತು ಚಪ್ಪಾಳೆ ತಟ್ಟಿದ್ದರಂತೆ. ಇಂಥ ಸ್ಪಿರಿಟ್ ಎಲ್ಲೂ ನೋಡಿಲ್ಲ ಎಂದು ಒಬ್ಬರು ಬರೆದಿದ್ದರು. ಇನ್ನೊಬ್ಬರು, ಒಬ್ಬರು ಮಾತ್ರ ತಂಡದ ಕೈ ಬಿಟ್ಟರು, ಇರಲಿ, ಎಂದು ಸೇರಿಸಿದ್ದರು. ಆ ಒಬ್ಬರು ನಾನು.

ಮುಂದಿನ ಶನಿವಾರ ಗ್ಯಾರೇಜಿನಲ್ಲಿ ಮೀಟಿಂಗು ಇಟ್ಟರು. ಮಡಚುವ ಕುರ್ಚಿಗಳನ್ನು ಗುಂಡಗೆ ಹಾಕಿದ್ದರು. ನಾನು ಹೋಗುವ ಹೊತ್ತಿಗೆ ಎಲ್ಲರೂ ಕೂತಿದ್ದರು, ಮಾತು ನಿಂತಿತು. ಎಲ್ಲರಿಗೂ ನನ್ನ ಮೇಲೆ ದೂರಿತ್ತು, ಆದರೆ ಯಾರೂ ಶುರು ಮಾಡಲಿಲ್ಲ. ಕೊನೆಗೆ ಬೆಂಗಳೂರಿನ ಒಬ್ಬರು, "ನೀವು ನಿಲ್ಸಿದ್ದು ಸರಿ. ಆದ್ರೆ ಆಮೇಲೆ ಬಿಟ್ಟು ಹೋಗಿದ್ದು ಸ್ವಲ್ಪ ಅನ್‌ಪ್ರೊಫೆಷನಲ್ ಆಯ್ತು ಅನ್ಸುತ್ತೆ," ಎಂದರು.

"ನಾವ್ಯಾರೂ ಪ್ರೊಫೆಷನಲ್ ಅಲ್ಲ. ಶನಿವಾರ ಗ್ಯಾರೇಜಲ್ಲಿ ಆಡೋರು," ಎಂದೆ.

ಇನ್ನೊಬ್ಬರು, ಕಲಾವಿದನಿಗೆ ರಂಗದ ಮೇಲೆ ಪ್ರಾಣ ಹೋದರೆ ಅದಕ್ಕಿಂತ ಪುಣ್ಯವಿಲ್ಲ ಎಂದರು. ಅವರ ಕಂಪನಿ ಮುಂದಿನ ತಿಂಗಳು ಪಬ್ಲಿಕ್ ಆಗುವುದರಲ್ಲಿತ್ತು. "ಇಲ್ಲಿ ಕೂತಿರೋರಲ್ಲಿ ಒಬ್ಬರಿಗೂ ಆಪ್ಷನ್ ವೆಸ್ಟ್ ಆಗಿ ಕೈಗೆ ಬರೋ ಮುಂಚೆ ಸಾಯೋ ಆಸೆ ಇಲ್ಲ. ಬೇರೆಯವರ ಸಾವಿನ ಬಗ್ಗೆ ಮಾತ್ರ ಇಷ್ಟು ಧಾರಾಳ," ಎಂದೆ. ಯಾರೂ ನಗಲಿಲ್ಲ. ನಗಿಸಬೇಕೆಂದು ನಾನೂ ಹೇಳಿರಲಿಲ್ಲ.

ನಿರ್ದೇಶಕರು ಈಗ ಬಾಯಿ ಬಿಟ್ಟರು. "ನೀವು ಕ್ಯೂಎಯವರು, ಟೆಸ್ಟಿಂಗಿನವರು. ನಿಮಗೆ ನಿಲ್ಲಿಸುವುದೊಂದೇ ಗೊತ್ತಿರುವುದು. ಕಟ್ಟುವವರ ಕಷ್ಟ ಗೊತ್ತಿಲ್ಲ. ಕಲಾವಿದನ ಮನಸ್ಸು ಗೊತ್ತಿಲ್ಲ. ಅವರಿಗೆ ಆಟ ಎಷ್ಟು ಮುಖ್ಯ ಅಂತ ನನಗೆ ಗೊತ್ತುಂಟು. ಬೆಳಿಗ್ಗೆ ಕೈ ಜೋಮು ಹಿಡಿದಾಗಲೂ ಅವರೇ ಹೇಳಿದ್ದು, ಯಾರಿಗೂ ಹೇಳ್ಬೇಡಿ, ನಾನು ಮಾಡಿಯೇ ಮಾಡ್ತೇನೆ ಅಂತ."

ನನಗೆ ಮೊದಲು ಅರ್ಥವಾಗಲಿಲ್ಲ. "ಯಾವ ಬೆಳಿಗ್ಗೆ?" ಎಂದೆ.

ಅವರಿಗೆ ತಾವು ಹೇಳಿದ್ದು ಆಗ ಹೊಳೆದಿರಬೇಕು. ಆದರೂ ಹಿಂತೆಗೆಯಲಿಲ್ಲ. "ಶೋ ದಿನ. ಸೆಟ್ಟು ಹಾಕುವಾಗ. ಬಲಗೈ ಜೋಮು ಹಿಡಿದಿದೆ ಅಂದ್ರು. ಸ್ವಲ್ಪ ಹೊತ್ತು ಕೂತ್ರು. ಸರಿ ಆಯ್ತು ಅಂದ್ರು."

"ಪೂರ್ತಿ ಸರಿ ಆಯ್ತಾ?"

"ಬೆರಳು ಸ್ವಲ್ಪ ಹಾಗೇ ಉಂಟು ಅಂತ ಹೇಳಿದ್ರು. ಅದಕ್ಕೇ ಮೀಸೆಗೆ ನಾನು ಬಣ್ಣ ಹಚ್ಚಿದ್ದು."

ಡಾಕ್ಟರು ಕೇಳಿದ ಪ್ರಶ್ನೆ, ನಾನು ಹೇಳಿದ ಉತ್ತರ, ಎಲ್ಲವೂ ಒಟ್ಟಿಗೆ ತಲೆಗೆ ಬಂತು. ನನ್ನ ಬಾಯಿಂದ ಸುಳ್ಳು ಹೊರಟಿತ್ತು. ಸುಳ್ಳೆಂದು ಗೊತ್ತಿಲ್ಲದೆ, ಖಂಡಿತ ಎಂದು ಒತ್ತಿ ಬೇರೆ ಹೇಳಿದ್ದೆ. ಆ ಮಾತಿನ ಮೇಲೆ ಅವರ ಮೈಗೆ ಔಷಧಿ ಏರಿಸಿದ್ದರು. ನಿಜ ಗೊತ್ತಿದ್ದ ಒಬ್ಬೇ ಒಬ್ಬ ಮನುಷ್ಯ ಆ ಹೊತ್ತಿನಲ್ಲಿ ಬೆಳಕಿನಡಿ ನಿಂತು, ಕೋಲು ಊರಿಕೊಂಡು, ಪಂಚರ ಮುಂದೆ ವಾದ ಮಾಡುತ್ತಿದ್ದ.

ಇದನ್ನು ನಾನು ಗ್ಯಾರೇಜಿನಲ್ಲಿ ಎಲ್ಲರೆದುರು ಹೇಳಿದೆ. ಏನಾಗಬಹುದಿತ್ತು ಎನ್ನುವುದನ್ನೂ ಬಿಡಿಸಿ ಹೇಳಿದೆ. ನಿರ್ದೇಶಕರ ಮುಖ ಬಿಳಿಚಿತು. ಆಮೇಲೆ ಬೆಂಗಳೂರಿನವರು, "ಈಗ ಏನೂ ಆಗಿಲ್ವಲ್ಲ. ಎಲ್ರೂ ಸ್ವಲ್ಪ ಕಾಮ್ ಡೌನ್ ಆಗೋಣ," ಎಂದರು. ನಿರ್ದೇಶಕರ ಮುಖಕ್ಕೆ ಮತ್ತೆ ರಕ್ತ ಬಂತು. "ಅದೇ. ಅವರ ಮಾತಿಗೆ ನಾನು ಗೌರವ ಕೊಟ್ಟದ್ದು. ಅದು ತಪ್ಪಾ?" ಎಂದರು.

"ನೀವು ಗೌರವ ಕೊಟ್ಟದ್ದು ನಿಮ್ಮ ಸ್ಕ್ರಿಪ್ಟಿಗೆ," ಎಂದು ಹೇಳಿ ಎದ್ದು ಬಂದೆ. ಆ ಗ್ಯಾರೇಜಿಗೆ ಮತ್ತೆ ಕಾಲಿಡಲಿಲ್ಲ.

ಅದರ ನಂತರ ಗ್ರೋಸರಿ ಅಂಗಡಿಯಲ್ಲಿ, ದೇವಸ್ಥಾನದ ಪಾರ್ಕಿಂಗಿನಲ್ಲಿ, ಮಕ್ಕಳ ಹುಟ್ಟುಹಬ್ಬಗಳಲ್ಲಿ ಜನ ನನ್ನೊಡನೆ ಈ ಪ್ರಶ್ನೆಯನ್ನು ಚರ್ಚೆಯ ವಿಷಯವೆಂಬಂತೆ ಎತ್ತುತ್ತಿದ್ದರು. ಆಟ ನಿಲ್ಲಿಸಬೇಕೇ, ಮುಂದುವರಿಸಬೇಕೇ? ಬಿದ್ದವನ ಇಷ್ಟವೇನು, ಪ್ರೇಕ್ಷಕರಿಗೆ ಏನು ಸಲ್ಲಬೇಕು? ಎದುರಿಗೆ ನಿಂತವಳನ್ನು ಯಾರೂ ಕೇಳಲಿಲ್ಲ. ಅವರ ಮೀಸೆ ಜಾರಿದ್ದನ್ನು ಹತ್ತಿರದಿಂದ ನೋಡಿದವಳು ನಾನು. ಅರ್ಧ ಗಂಟೆ ಬಿಟ್ಟು ಅದೇ ಜಾಗದಲ್ಲಿ ನಿಂತು, ಅದೇ ಸೆರಗು ಸರಿಪಡಿಸಿಕೊಂಡು, ಇನ್ನೊಬ್ಬರನ್ನು ಅಪ್ಪಾ ಎಂದು ಕರೆಯಬೇಕಿತ್ತು. ಅದು ಕಲೆಯ ಮೇಲಿನ ಪ್ರೀತಿ ಎನ್ನುವುದಾದರೆ ನನಗೆ ಆ ಪ್ರೀತಿ ಇಲ್ಲ.

ಧಾರವಾಡದವರು ಮನೆಗೆ ಬಂದ ಮೇಲೆ ಅವರನ್ನು ನೋಡಲು ಗಿಲ್‌ರಾಯ್‌ಗೆ ಹೋದೆ. ಸುತ್ತಲಿನ ಹೊಲಗಳಲ್ಲಿ ಬೆಳ್ಳುಳ್ಳಿ ಕೀಳುವ ಕಾಲ. ಕಾರಿನ ಕಿಟಕಿ ಮುಚ್ಚಿದ್ದರೂ ವಾಸನೆ ಒಳಗೆ ನುಗ್ಗುತ್ತಿತ್ತು. ಅವರು ಹಿತ್ತಿಲಿನ ಬಾಗಿಲ ಬಳಿ ಕುರ್ಚಿಯಲ್ಲಿ ಕೂತು, ಬಲಗೈಯಲ್ಲಿ ರಬ್ಬರಿನ ಚೆಂಡು ಅಮುಕುತ್ತಿದ್ದರು. ಹೆಂಡತಿ ನನ್ನನ್ನು ಕೂರಿಸಿ ಚಹಾ ತರಲು ಒಳಗೆ ಹೋದರು. ಹೇಗಿದ್ದೀರಿ ಎಂದು ಕೇಳುವಷ್ಟರಲ್ಲಿ ಅವರು, ಒಂದೊಂದೇ ಪದವನ್ನು ಹುಡುಕಿ ತೆಗೆದಂತೆ, "ನೀ ಯಾಕ... ನಿಲ್ಲಿಸಿದಿ?" ಎಂದರು.

ತಮಾಷೆ ಎಂದುಕೊಂಡೆ. ಅವರ ಕಣ್ಣು ನೋಡಿದ ಮೇಲೆ ತಮಾಷೆಯಲ್ಲ ಎಂದು ತಿಳಿಯಿತು.

"ನಿಮಗೆ ಮಾತು ಬರ್ತಿರಲಿಲ್ಲ, ಸರ್."

"ಒಳಗ ಇತ್ತು. ಪೂರ್ತಿ ಇತ್ತು. ಇನ್ನೊಂದು ಸ್ವಲ್ಪ... ತಡದಿದ್ರ ಬರ್ತಿತ್ತು."

"ಬರ್ತಿರಲಿಲ್ಲ."

"ನಿನಗೇನ ಗೊತ್ತು? ಸಣ್ಣಾಂವ ಇದ್ದಾಗಿಂದ ಬಣ್ಣ ಹಚ್ಚೀನಿ. ನನ್ನ ಮಾತಿನ ನಡುವ... ಯಾರೂ ಬಾಯಿ ಹಾಕಿದ್ದಿಲ್ಲ. ನೀ ಹಾಕಿದಿ. ಇಂಗ್ಲಿಷ್‌ನ್ಯಾಗ ಒದರಿದಿ. ಮಂದಿ ನನ್ನ ಹಂಗ ನೋಡಿದ್ರು. ಬಾಯಿ ತಕ್ಕೊಂಡು... ಜೊಲ್ಲು ಸೋರಿಸಿಕೊಂಡು. ಇನ್ನ ಅವರಿಗೆ ನಾ ಅಂದ್ರ ಆ ಮುಖ ಅಷ್ಟ."

ಅದರಲ್ಲಿ ಸತ್ಯವಿತ್ತು. ಆದರೆ ಸತ್ಯವಿದೆ ಎಂದು ಸಿಟ್ಟು ಇಳಿಯುವುದಿಲ್ಲ. ಅವರೇ ಮುಂದುವರಿದು, "ಅವಾ ನನ್ನ ಮರ್ಯಾದಿ ಕಾದ. ಆಟ ಮುಗಿಸಿದ," ಎಂದರು. ಅವಾ ಎಂದರೆ ನಿರ್ದೇಶಕರು.

ಅಲ್ಲಿಯವರೆಗೆ ನಾನು ನುಂಗಿಕೊಂಡಿದ್ದೆ. ಇನ್ನು ಆಗಲಿಲ್ಲ. "ಬೆಳಿಗ್ಗೆನೇ ಕೈ ಜೋಮು ಹಿಡಿದಿತ್ತಲ್ಲ, ಅದನ್ನ ಯಾಕೆ ಮುಚ್ಚಿಟ್ರಿ? ಡಾಕ್ಟರು ಕೇಳಿದಾಗ ನಾನು ನಿಮ್ಮ ಬಗ್ಗೆ ಸುಳ್ಳು ಹೇಳಿದೆ, ಗೊತ್ತಾ? ನೀವಿಬ್ಬರೂ ಸೇರಿ ನನ್ನ ಬಾಯಲ್ಲಿ ಹೇಳಿಸಿದ್ರಿ," ಎಂದೆ.

ಬಾಗಿಲಲ್ಲಿ ಅವರ ಹೆಂಡತಿ ತಟ್ಟೆ ಹಿಡಿದು ನಿಂತಿದ್ದರು. "ಯಾವ ಜೋಮು?" ಎಂದರು.

ಅವರು ತಟ್ಟೆಯನ್ನು ಮೇಜಿನ ಮೇಲಿಟ್ಟು, ಗಂಡನ ಎದುರಿಗೆ ಬಂದು ನಿಂತರು. "ನಾ ಕೇಳಾಕತ್ತೀನಿ. ಯಾವ ಜೋಮು?"

ಅವರು ಚೆಂಡನ್ನು ಅಮುಕುತ್ತ ಹಿತ್ತಿಲ ಕಡೆ ನೋಡಿದರು. ಆಗ ನಾನು ಎಲ್ಲವನ್ನೂ ಹೇಳಿದೆ. ಹೇಳಬಾರದಿತ್ತು ಎಂದು ಆಗಲೂ ಅನಿಸಲಿಲ್ಲ, ಈಗಲೂ ಅನಿಸುವುದಿಲ್ಲ. ಆ ಹೆಂಗಸು ಅಳಲಿಲ್ಲ, ಕೂಗಾಡಲಿಲ್ಲ. "ಊರ ಮಂದಿಗೆ ಮೋಸ ಆಗಬಾರದು ಅಂತ ಆಟ ಆಡಿದ್ರಿ. ಮನ್ಯಾಗಿನಾಕಿಗೆ?" ಎಂದಷ್ಟೇ ಕೇಳಿ ಒಳಗೆ ಹೋದರು. ಧಾರವಾಡದವರು ನನ್ನ ಕಡೆ ತಿರುಗಿ, "ಆತೇನು? ಹೋಗಿನ್ನ," ಎಂದರು. ಚಹಾ ಮುಟ್ಟದೆ ಹೊರಟೆ.

ಎರಡು ವರ್ಷ ಕಳೆಯುವುದರೊಳಗೆ ಸ್ಟಾರ್ಟಪ್ಪುಗಳ ಆ ಕಾಲವೇ ಕುಸಿಯಿತು. ಫ್ರೀವೇ ಪಕ್ಕದ ಹೊಸ ಕಟ್ಟಡಗಳ ಮೇಲೆಲ್ಲ ಬಾಡಿಗೆಗಿದೆ ಎಂಬ ಬೋರ್ಡುಗಳು ಬಂದವು. ನಿರ್ದೇಶಕರ ಸ್ಟಾರ್ಟಪ್ಪು ಮುಚ್ಚಿತು. ರಂಗದ ಮೇಲಿನ ಪುಣ್ಯದ ಬಗ್ಗೆ ಮಾತಾಡಿದವರು ಬೆಂಗಳೂರಿಗೆ ವಾಪಸು ಹೋದರು. ನಾಟಕದ ತಂಡ ಮಾತ್ರ ನಿಲ್ಲಲಿಲ್ಲ. ಕೆಲಸವಿಲ್ಲದವರಿಗೆ ತಾಲೀಮಿಗೆ ಸಮಯ ಹೆಚ್ಚು. ನನ್ನನ್ನು ಯಾರೂ ಕರೆಯಲಿಲ್ಲ, ಕರೆದಿದ್ದರೂ ಹೋಗುತ್ತಿರಲಿಲ್ಲ.

ಒಂದು ಸಂಜೆ ಧಾರವಾಡದವರ ಹೆಂಡತಿ ಫೋನು ಮಾಡಿದರು. ಆ ದಿನದ ನಂತರ ನಮ್ಮಿಬ್ಬರ ನಡುವೆ ಮಾತಿರಲಿಲ್ಲ. "ಇವರು ಮತ್ತ ಸ್ಟೇಜ್ ಹತ್ತಾಕತ್ತಾರ. ಸಣ್ಣ ಪಾರ್ಟು. ಕುಂತು ಮಾಡೂದು," ಎಂದರು.

"ನೀವು ಬೇಡ ಅನ್ನಲಿಲ್ವಾ?"

"ಅಂದೆ. ಕೇಳೂದಿಲ್ಲ." ಆಮೇಲೆ, "ನೀವು ಬಂದು ಮುಂದಿನ ಸಾಲಿನ್ಯಾಗ ಕುಂದರ್ರಿ. ಏನರೆ ಆದ್ರ ನೀವು ನಿಲ್ಲಸ್ತೀರಿ. ಅಷ್ಟು ಮಂದಿ ಮುಂದ ಎದ್ದು ಕೂಗಾಕ ನನಗ ಧೈರ್ಯ ಆಗೂದಿಲ್ಲ," ಎಂದರು.

ಹೋದೆ. ಬೇರೆ ಸ್ಕೂಲು, ಬೇರೆ ಆಡಿಟೋರಿಯಮ್ಮು. ಜನ ನನ್ನನ್ನು ಗುರುತಿಸಿ ತಮ್ಮತಮ್ಮಲ್ಲಿ ಪಿಸುಗುಟ್ಟಿದರು. ನಿರ್ದೇಶಕರು ಪರದೆಯ ಸಂದಿಯಿಂದ ಇಣುಕಿ, ನಾನು ಕೂತಿರುವುದನ್ನು ನೋಡಿ, ಹಿಂದೆ ಸರಿದರು. ಧಾರವಾಡದವರ ಹೆಂಡತಿ ನನ್ನ ಪಕ್ಕದಲ್ಲಿ ಕೂತು, ನಾಟಕ ಮುಗಿಯುವವರೆಗೂ ನನ್ನ ಮಣಿಕಟ್ಟು ಹಿಡಿದಿದ್ದರು. ಆ ನಾಟಕದ ಕಥೆ ಏನೆಂದು ಕೇಳಿದರೆ ನನಗೆ ಹೇಳಲು ಬಾರದು. ನಾನು ಅವರ ಬಾಯಿಯ ಅಂಚನ್ನೂ ಬಲಗೈಯ ಬೆರಳುಗಳನ್ನೂ ನೋಡುತ್ತ ಕೂತಿದ್ದೆ. ಅವರು ಮಾತು ಹುಡುಕಿಕೊಳ್ಳಲು ತಡೆದಾಗಲೆಲ್ಲ ನನ್ನ ಕಾಲು ಎದ್ದು ನಿಲ್ಲಲು ಸಿದ್ಧವಾಗುತ್ತಿತ್ತು. ಪ್ರತಿ ಸಲವೂ ಮಾತು ಬಂತು. ಏನೂ ಆಗಲಿಲ್ಲ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾನು ಕೂತೇ ಇದ್ದೆ.

ಬಣ್ಣ ಒರೆಸಿಕೊಳ್ಳದೆಯೇ ಅವರು ಕೋಲೂರಿಕೊಂಡು ಕೆಳಗಿಳಿದು, ನೇರ ನನ್ನ ಬಳಿಗೆ ಬಂದರು.

"ನನ್ನ ಕಾಯಾಕ ಬಂದಿದ್ದೇನು?"

"ಹೌದು."

"ಇನ್ನ ಮ್ಯಾಲೆ ಬರಬ್ಯಾಡ."

"ನಿಮ್ಮ ಮನೆಯವರು ಕರೆದ್ರೆ ಬರ್ತೀನಿ," ಎಂದೆ.

ಅವರು ಹೆಂಡತಿಯ ಮುಖ ನೋಡಿದರು. ಅವರ ಹೆಂಡತಿ ನನ್ನ ಕೈಯನ್ನು ಬಿಟ್ಟಿರಲಿಲ್ಲ. ಧಾರವಾಡದವರು ಮತ್ತೇನೂ ಹೇಳದೆ, ತಮ್ಮನ್ನು ಹೊಗಳಲು ಕಾಯುತ್ತಿದ್ದ ಜನರ ಕಡೆ ತಿರುಗಿದರು.